ಕಂಚಿನ ಕುದುರೆ

೫ ಜನವರಿ ೧೯೫೮, ಭಾನುವಾರ
ಎಂಟು ಸೆಕೆಂಡು. ಹೋದ ವಾರವೂ ಎಂಟೇ.

ನಾನು ಮೂರನೆಯ ತಂತಿ ಮೀಟುತ್ತೇನೆ. ನಾದ ನಿಂತಿತು ಅನ್ನಿಸಿದಾಗ ವನಜ ಬೆರಳೆತ್ತುತ್ತಾಳೆ. ಗಡಿಯಾರ ನೋಡಿ ಬರೆದುಕೊಳ್ಳುತ್ತೇನೆ. ನಮ್ಮ ಭಾನುವಾರ ಇಷ್ಟೇ. ಆರು ದಿನ ಅವಳು ಸೊರಬದ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ನಾನು ಇಲ್ಲಿ ಶಿಕಾರಿಪುರದ ಹೈಸ್ಕೂಲಿನಲ್ಲಿ. ಇಪ್ಪತ್ತು ವರ್ಷದ ಮದುವೆಯಲ್ಲಿ ಮಾತು ಎಲ್ಲೋ ಸೋರಿಹೋಗಿದೆ… ಯಾವಾಗ ಎಂದು ಇಬ್ಬರೂ ಗಮನಿಸಲಿಲ್ಲ.

"ಬೇಗ ಸಾಯ್ತದೆ ರೀ," ಅಂದಳು. "ಕೊನೇಲಿ ಬರೀ ಮರ ಕೇಳ್ತದೆ."

ನನಗೆ ಒಂಬತ್ತು ಕೇಳಿಸಿತ್ತು. ಆದರೆ ಒಲೆ ಮುಂದೆ ಕೂತೇ ಯಾವ ತಂತಿ ಸಡಿಲವೆಂದು ಹೇಳುವ ಕಿವಿ ಅವಳದು. ತಪ್ಪು ವಾದ್ಯದ್ದೇ. ನಾಟಕ ಕಂಪನಿಯವನಿಂದ ಕೊಂಡ ಎಲೆಕ್ಟ್ರಿಕ್ ಗಿಟಾರ್. ಮಡಿಲ ಮೇಲೆ ಮಲಗಿಸಿ ನುಡಿಸುವ ಜಾತಿ. ತಂತಿಯ ಕೆಳಗೆ ಮ್ಯಾಗ್ನೆಟ್, ಅಲ್ಲಿಂದ ರೇಡಿಯೋಗೆ ವೈರು, ನಾದ ಹೊರಡುವುದು ಅದರಿಂದ. ಬಾಲದಲ್ಲಿ ತಂತಿ ಹಿಡಿದಿರುವುದು ತೆಳು ತಗಡು. ಅದು ನಡುಗಿ ನಾದ ಕುಡಿಯುತ್ತಿದೆ. ದಪ್ಪ ಹಿತ್ತಾಳೆ ಹಾಕಬೇಕು.

೧೯ ಜನವರಿ
ಹಿತ್ತಾಳೆ ಹಾಕಿದೆ. ನನಗೆ ಹನ್ನೊಂದು. ನಾದ ಕಿಟಕಿಯ ಬಿಸಿಲಿಗೆ ಹೋಗಿ, ದೂಳಿನ ಕಣಗಳ ನಡುವೆ ಸ್ವಲ್ಪ ಹೊತ್ತು ನಿಂತು, ಎಲ್ಲೂ ಇಳಿಯದೆ ಇಲ್ಲವಾಯಿತು.

ಅವಳ ಬೆರಳು ಏಳಕ್ಕೇ ಎದ್ದಿತು.

"ಏಳಾ?"

"ಏನಂದ್ರಿ?"

"ಏಳೇನಾ ಅಂದೆ."

"ಬೇಕಾದ್ರೆ ಇನ್ನೆರಡು ಸೇರಿಸಿ ಬರ್ಕೊಳ್ರಿ. ನಿಮ್ಮ ಹುಡುಗರಿಗೆ ಮಾರ್ಕು ಕೊಡ್ತೀರಲ್ಲ, ಹಂಗೆ."

ಹಿತ್ತಾಳೆಯಿಂದ ಹೊಳಪು ಬಂದಿದೆ. ಅವಳಿಗೆ ಬೇಕಾದದ್ದು ಹೊಳಪಲ್ಲ, ಬಹುಶಃ ನಾದದ ತುಂಬು ಮೈ.

೨ ಫೆಬ್ರವರಿ
ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿ ಹಾಯುವ ಪಟ್ಟಿಯನ್ನು ಉಕ್ಕಿನದು ಮಾಡಿದೆ. ನನಗೆ ಹದಿಮೂರು. ಅವಳಿಗೆ ಆರು.

ಬೆಳಗಿನ ಜಾವ ಕನಸು. ನಾದವೇ ಒಂದು ಬಸ್ಸು. ಇಬ್ಬರೂ ಕೂತಿದ್ದೇವೆ. ಸಿರಾಳಕೊಪ್ಪದಲ್ಲಿ ಅವಳು ಇಳಿದಳು, ಬಸ್ಸು ನನ್ನನ್ನು ಹೊತ್ತು ಮುಂದೆ ಹೋಯಿತು.

ಇನ್ನು ಉಳಿದದ್ದು ಕುದುರೆ — ತಂತಿಗಳನ್ನು ಎತ್ತಿ ಹಿಡಿದಿರುವ ಮರದ ತುಂಡು. ಅದು ಕಂಚಿನದಾಗಬೇಕು ಎಂದೆ.

"ಕುದುರೆ ಬದಲಾಯಿಸಿದ್ರೆ ಸವಾರ ಬದಲಾಗ್ತಾನೇನ್ರಿ?" ಅಂದು ನಕ್ಕಳು.

೧೨ ಫೆಬ್ರವರಿ
ತೊಗರ್ಸಿಗೆ ಹೋಗಿ ಬಂದೆ. ಬೆನಕಪ್ಪ ಗಂಟೆ ಎರಕ ಹೊಯ್ಯುವವನು. ಭಜನೆಯವರ ತಂಬೂರಿಗಳನ್ನೂ ರಿಪೇರಿ ಮಾಡುತ್ತಾನೆ.

"ಆರು ತಂತಿಗೆ ಕಂಚಿನ ಕುದುರೆ ಬೇಕಿತ್ತು."

"ನಾಕು ತಂತೀದು ಭಾಳ ಮಾಡೀನ್ರಿ. ಆರಂದ್ರ ಒಂದೀಟು ಉದ್ದ. ಅಷ್ಟೇ ಹೌದಲ್ರಿ, ಮೇಷ್ಟ್ರೆ?"

ಅಷ್ಟೇ ಎಂದೆ. ಅಳತೆಯನ್ನಷ್ಟೇ ಕೊಟ್ಟು ಬಂದೆ.

೨೩ ಫೆಬ್ರವರಿ, ಬೆಳಿಗ್ಗೆ ಹನ್ನೊಂದು
ಬೆನಕಪ್ಪ ತಂಬೂರಿಯ ಕುದುರೆಯನ್ನೇ ಮಾಡಿದ್ದಾನೆ. ಗಿಟಾರಿಗೆ ಬೇಕಾದದ್ದು ಚೂಪು ಅಂಚು. ಇದರ ಬೆನ್ನು ಅಗಲ, ಮೆಲ್ಲಗೆ ಇಳಿಜಾರು. ತಂತಿ ಲೋಹವನ್ನು ಸವರುತ್ತಲೇ ಕಂಪಿಸುತ್ತದೆ. ತಂಬೂರಿಗೆ ಅದೇ ಜೀವ, ಇಲ್ಲಿ… ರೇಡಿಯೋ ತುಂಬ ಜುಂಯ್ ಎಂದು ಹಿಂಡು ಎದ್ದಿತು. ಗೋಡೆಯಾಚೆಯಿಂದ ಹುಲಿಗೆಮ್ಮ ಕೇಳಿದಳು, "ಮೇಷ್ಟ್ರೆ, ಮನಿಯಾಗ ಜೇನು ಕಟ್ಟೈತೇನ್ರಿ?"

ಕೈ ಇಟ್ಟು ತಂತಿ ನಿಲ್ಲಿಸಬೇಕೆಂದಿದ್ದೆ. ವನಜ ಕಣ್ಣು ಮುಚ್ಚಿದ್ದಳು. ಐದಕ್ಕೆ ಬೆರಳೆತ್ತಿದಳು.

"ಈಗ ಸರಿಯಾಯ್ತು ನೋಡ್ರಿ," ಅಂದಳು. "ಎಷ್ಟು ಶುದ್ಧ."

ಐದು ಎಂದು ಬರೆದೆ. ಹಾಳೆಯ ಮೇಲೆ ಎರಡು ಸಾಲು. ನನ್ನದು ಹತ್ತುತ್ತಿದೆ. ಅವಳದು ಎಂಟು, ಏಳು, ಆರು, ಐದು. ಏಳು ವಾರದಿಂದ ನಾನು ಲೋಹವನ್ನು ಅಳೆಯುತ್ತಿದ್ದೇನೆ ಅಂದುಕೊಂಡಿದ್ದೆ.

ರೇಡಿಯೋ ಆರಿಸಿದೆ.

೧೬ ಮಾರ್ಚ್, ಭಾನುವಾರ
ಎರಡು ವಾರ ರೇಡಿಯೋ ಕೆಟ್ಟಿದೆ ಎಂದಿದ್ದೆ. ಇವತ್ತು ಅವಳೇ ತಿರುವಿ ನೋಡಿದಳು.

"ದೀಪ ಹತ್ತಿದೆಯಲ್ರಿ. ಕೆಟ್ಟಿಲ್ಲ."

ಗಡಿಯಾರಕ್ಕೆ ಕೀ ಕೊಡತೊಡಗಿದೆ.

"ಹುಲಿಗೆಮ್ಮ ಹೇಳಿದ್ಳು, ಜೇನಿನ ವಿಷ್ಯ. ನಂಗೆ ಕೇಳ್ಲಿಲ್ಲ ರೀ ಅದು."

"ಮೊದಲೇ ಗೊತ್ತಿತ್ತಾ?"

"ದೀಪಾವಳಿಯಿಂದ. ಈ ಸಲ ಪಟಾಕಿ ದೂರ ಹೊಡೀತಿದಾರೆ ಅನ್ಕೊಂಡೆ."

"ಶಾಲೇಲಿ?"

"ಮಕ್ಕಳಿಗೆ ಗೊತ್ತು. ಎದುರಿಗೆ ಬಂದು, ಬಾಯಿ ಅಗಲಿಸಿ ಮಾತಾಡ್ತಾವೆ. ನಾನೇನೂ ಹೇಳಿರ್ಲಿಲ್ಲ."

ಮಕ್ಕಳು ಕಂಡುಕೊಂಡರು, ನಾನಲ್ಲ.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ಹಿತ್ತಾಳೆ, ಕಂಚು ಅಂತ ಓಡಾಡಿದೆ."

ಅವಳು ಸೆರಗಿನ ಅಂಚು ಮಡಿಸುತ್ತಾ ಕೂತಳು. "ಗಡಿಯಾರಕ್ಕೊಂದ್ಸಲ, ನನ್ನ ಮುಖಕ್ಕೊಂದ್ಸಲ ನೋಡ್ತಿದ್ರಲ್ಲ. ಹಂಗೆ ನೋಡಿ ಎಷ್ಟು ವರ್ಷ ಆಗಿತ್ತು."

ಆಮೇಲೆ, "ಡಾಕ್ಟರು ನೋಡಿದಾರೆ. ಕಿವಿ ಪೂರ್ತಿ ಹೋಗ್ತದಂತೆ. ಬೇಗ ಅಂತಿಲ್ಲ."

೨೨ ಮಾರ್ಚ್, ಶನಿವಾರ. ಬಸ್ಸಿನಲ್ಲಿ
ರಜೆ ಹಾಕಿದ್ದೇನೆ. ಈ ಬಾರಿ ನಾನೇ ಸೊರಬಕ್ಕೆ. ಗಿಟಾರ್ ತಂದಿಲ್ಲ, ಅವಳ ಬಾಡಿಗೆ ಮನೆಗೆ ಕರೆಂಟಿಲ್ಲ. ಅವಳಿಗೆ ಕೇಳಿಸುವಾಗಲೇ ಹೇಳಬೇಕಾದದ್ದು ಇದೆ. ಇದೆ ಎಂದು ಗೊತ್ತು, ಏನು ಎಂದು ಬರೆಯಲು ಕೂತಿದ್ದೇನೆ. ಮೊದಲ ವಾಕ್ಯ ಪಾಠದ ಹಾಗಾಯಿತು, ಹೊಡೆದುಹಾಕಿದೆ. ಎರಡನೆಯದು ಉದ್ದ. ಹೊರಗೆ ಗದ್ದೆ, ಮಂಜಿನಂಥ ದೂಳು, ನಿದ್ದೆಯಲ್ಲಿ ನಡೆದಂತೆ ಕುರಿಗಳು.

ಸೊರಬ.

ಶಿಕಾರಿಪುರದ ಬಸ್ಸಿಗೆ ಕಾಯುತ್ತಾ ನಿಂತಿದ್ದಾಳೆ, ಚೀಲ ಹಿಡಿದು, ನಮ್ಮ ಬಸ್ಸಿಗೆ ಬೆನ್ನು ಮಾಡಿ. ಕಿಟಕಿಯಿಂದ ಕರೆದೆ. ತಿರುಗಲಿಲ್ಲ. ಇಳಿದು ಎದುರಿಗೆ ಹೋಗಬೇಕು. ಬಾಯಿ ಅಗಲಿಸಿ — ವನಜ, ನಾನು