ಮೀನುಗಲ್ಲು ಎಲ್ಲಿ ನಿಂತಿತ್ತು?

ಕೂಡುತಿಂಗಳು 3, 2214
ಅಡಿಕೇರಿ, ದೊಡ್ಡತೂಬಿನಹಳ್ಳಿ

ಊರಹಿರಿಮೆ ಬಳಗದವರಿಗೆ, ಅದರಲ್ಲೂ ಬಳಗದ ಮುಂದಾಳು ಟೈಲರ್ ತಿಪ್ಪೇರುದ್ರಪ್ಪನವರಿಗೆ,

ಈ ಕಾಗದ ಬರೆಯುವ ಮನಸ್ಸು ನನಗಿರಲಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಊರಿನಲ್ಲಿ ಓದಿದವರು ಬೇಕಾದಷ್ಟಿದ್ದಾರೆ. ಅವರೆಲ್ಲ ಸೇರಿ ಮೊದಲು ಬರೆದ ಕಾಗದದಲ್ಲಿ ನಮಸ್ಕಾರ ಮುಗಿಯುವಷ್ಟರಲ್ಲಿ ಹಾಳೆಯೇ ಮುಗಿದಿತ್ತು. ಹರಿದುಹಾಕಿದೆ. ಹರಿದವಳೇ ಬರೆಯಲಿ ಎಂದು ನನ್ನನ್ನು ಕೂರಿಸಿದ್ದಾರೆ.

ಮೇಲಿನ ತಾರೀಖು ನೋಡಿ ನಗಬೇಡಿ. ಮಳೆ ಹಳೆಯ ಲೆಕ್ಕಕ್ಕೆ ಸಿಗದೆ ಹೋದಾಗ ನಮ್ಮ ಹಿರಿಯರು ವರ್ಷಕ್ಕೆ ಹದಿಮೂರನೆಯ ತಿಂಗಳೊಂದನ್ನು ಸೇರಿಸಿಕೊಂಡರು, ಅದೇ ಕೂಡುತಿಂಗಳು. ಕಾಗದ ಬರುವುದು ಹಿಂದಂಚೆಯಲ್ಲಿ. ಅದು ಹಿಂದಕ್ಕೆ ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಒಂದು ಊರಿಗೆ ಒಂದೇ ಕಾಗದ, ಒಂದೇ ಹಾಳೆ, ಒಂದೇ ಸಲ. ವಯಸ್ಸಿನಲ್ಲಿ ನಾನು ನಿಮಗಿಂತ ದೊಡ್ಡವಳು, ಹುಟ್ಟಿನಲ್ಲಿ ನಿಮಗಿಂತ ಏಳು ತಲೆ ಚಿಕ್ಕವಳು. ಆದ್ದರಿಂದ ಅಣ್ಣ, ಅಜ್ಜ ಯಾವುದೂ ಬೇಡ, ನೀವು ಎಂದೇ ಬರೆಯುತ್ತೇನೆ. ಮಾತು ಎಲ್ಲಾದರೂ ಒರಟಾದರೆ ಅದು ಕಾಲದ ತಪ್ಪಲ್ಲ, ನಾನಿರುವುದೇ ಹಾಗೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನೀವು ಭಾನುವಾರ ಭಾನುವಾರ ಪೊರಕೆ, ಮಚ್ಚು ಹಿಡಿದು ಊರ ಕಲ್ಲುಗಳ ಸುತ್ತಲಿನ ಮುಳ್ಳುಕಂಟಿ ಸವರುತ್ತಿದ್ದಿರಲ್ಲ, ಅದು ನಿಂತಿಲ್ಲ. ಈಗ ಅದಕ್ಕೆ ನೆನಪಿನ ಪಾಳಿ ಎನ್ನುತ್ತೇವೆ. ಪ್ರತಿ ಅಮಾವಾಸ್ಯೆಗೆ ಮೇಲ್ಕೇರಿಯಿಂದೊಬ್ಬರು, ಅಡಿಕೇರಿಯಿಂದೊಬ್ಬರು ಹೋಗಿ ಊರ ಕಲ್ಲುಗಳನ್ನು ತೆಂಗಿನ ನಾರಿನಿಂದ ಉಜ್ಜಿ, ಪ್ರತಿ ಕಲ್ಲಿನ ಕತೆಯನ್ನು ಗಟ್ಟಿಯಾಗಿ ಹೇಳಬೇಕು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದಬೇಕು. ಹಾಗಾಗಿ ಪಾಳಿಯ ದಿನ ಜಗಳ ಖಾಯಂ, ಜಗಳ ಕೇಳಲೆಂದೇ ಜನ ಬರುತ್ತಾರೆ. ಬಿಸಿಲಿಗೆ ನಮ್ಮ ಬೀದಿಗಳೆಲ್ಲ ಚಾವಣಿ ಹೊದ್ದಿವೆ, ನೆರಳುಬೀದಿ ಎನ್ನುತ್ತೇವೆ. ಮಧ್ಯಾಹ್ನ ಯಾರೂ ಹೊರಗೆ ಹೆಜ್ಜೆ ಇಡುವುದಿಲ್ಲ, ಬೆಳಗಾಗುವ ಮೊದಲೇ ಗದ್ದೆಯ ಕೆಲಸ ಮುಗಿದಿರುತ್ತದೆ. ಕೊಳವೆಬಾವಿ ಎಂಬ ಪದ ಕೇಳಿದ್ದೇನೆ, ಕಂಡಿಲ್ಲ. ನಮಗಿರುವುದು ಕೆರೆಯೊಂದೇ. ಕೆರೆ ಇನ್ನೂ ಕೆರೆಯಾಗಿ ಉಳಿದದ್ದು ನಿಮ್ಮಿಂದ. ಇದನ್ನು ಈ ಬಾಯಿ ಸುಮ್ಮನೆ ಹೇಳುವುದಿಲ್ಲ.

ಈಗ ನಿಮ್ಮ ಯಡವಟ್ಟಿಗೆ ಬರುತ್ತೇನೆ. ನಿಮ್ಮ ಕಾಲದಲ್ಲಿ ಕೆರೆಯೊಳಗೆ ಇನ್ನೂ ಒಂದು ಕಲ್ಲು ನಿಂತಿದೆ, ಮೀನು ಕೆತ್ತಿದ್ದು. ನೀರು ಮೀನಿನ ಕಣ್ಣು ಮುಟ್ಟಿದರೆ ಕೆಳಗಿನವರಿಗೆ ತೂಬು ಬಿಡತಕ್ಕದ್ದು ಎಂದು ಅದರ ಮೇಲೆ ಬರೆದಿದೆ. ಹೂಳೆತ್ತಲು ಬರುವ ಜೆಸಿಬಿಗೆ ಸಿಕ್ಕಿ ಒಡೆದೀತೆಂದು ನೀವು ಅದನ್ನು ಎತ್ತಿ ಬಸ್ ಸ್ಟ್ಯಾಂಡಿನ ಹತ್ತಿರ ಕಟ್ಟೆ ಕಟ್ಟಿ ನಿಲ್ಲಿಸುತ್ತೀರಿ. ಒಳ್ಳೆಯದೇ ಮಾಡುತ್ತೀರಿ. ಮೀನಿಗೆ ನೀಲಿ ಆಯಿಲ್ ಪೇಂಟು ಬಳಿಯುತ್ತೀರಿ. ನಾವು ಉಜ್ಜಿ ಉಜ್ಜಿ ಕೈ ಸೋತರೂ ಕಿವಿರಿನ ಸಂದಿಯಲ್ಲಿ ಅದಿನ್ನೂ ಉಳಿದಿದೆ. ಅದನ್ನೂ ಕ್ಷಮಿಸಿದೆ. ಕಟ್ಟೆಗೊಂದು ಫಲಕ ಹಾಕಿಸುತ್ತೀರಿ. ಅದರಲ್ಲಿ ಅತಿಥಿಗಳ ಹೆಸರಿದೆ, ಅವರ ಪದವಿ ಇದೆ, ಪೇಟ ಕೊಟ್ಟವರ ಹೆಸರೂ ಇದೆ. ಕಲ್ಲು ಎಲ್ಲಿತ್ತು ಎಂಬುದಕ್ಕೆ ಮಾತ್ರ “ಕೆರೆಯಂಗಳದಿಂದ ತಂದು ಸಂರಕ್ಷಿಸಲಾಗಿದೆ” ಎಂದಿದೆ. ಕೆರೆಯಂಗಳ ಅಂದರೆ ನಿಮ್ಮ ಮನೆಯಂಗಳವೇ? ಈ ದಂಡೆಯಿಂದ ಆ ದಂಡೆಗೆ ನಡೆದರೆ ಕಾಲು ನೋಯುತ್ತದೆ.

ಅಳತೆಯ ಕಲ್ಲಿಗೆ ಅದು ನಿಂತ ಜಾಗವೇ ಅರ್ಧ ಮಾತು. ತೂಬಿನ ಬಳಿಯ ತಗ್ಗಿನಲ್ಲಿ ನಿಂತಿದ್ದರೆ ಕೆರೆ ಅರ್ಧ ತುಂಬುವಾಗಲೇ ನೀರು ಕಣ್ಣು ಮುಟ್ಟುತ್ತದೆ, ಅಡಿಕೇರಿಗೆ ಎಲ್ಲ ವರ್ಷವೂ ನೀರು. ಕೋಡಿಯ ಬಳಿಯ ದಿಣ್ಣೆಯಲ್ಲಿ ನಿಂತಿದ್ದರೆ ಕೆರೆ ಪೂರ್ತಿ ತುಂಬಿದಾಗ ಮಾತ್ರ. ಅಂಥದ್ದನ್ನು ನನ್ನ ಆಯುಸ್ಸಿನಲ್ಲಿ ಕಂಡದ್ದು ಅಪರೂಪ. ಇಷ್ಟು ದಿನ ಹೊಂದಿಕೊಂಡು ಹಂಚಿಕೊಂಡೆವು. ಈಗ ಮೇಲ್ಕೇರಿಯವರು ಹೊಸ ತೋಟ ಎಬ್ಬಿಸಿದ್ದಾರೆ, ಹೊಂದಿಕೆ ಹೋಗಿದೆ. ಕೂಡುತಿಂಗಳ ಕೊನೆಗೆ ನ್ಯಾಯ ಕೂರುತ್ತದೆ. ಕಲ್ಲಿನ ಜಾಗ ಗೊತ್ತಾಗದಿದ್ದರೆ ತೂಬಿಗೆ ಬೀಗ, ಅಡಿಕೇರಿಯ ಮನೆಗಳೆಲ್ಲ ಒಲೆ ಕಿತ್ತುಕೊಂಡು ಬೇರೆ ಊರಿಗೆ. ನನ್ನ ಮಗಳು ಶಿವಗಂಗೆ ಈಗಲೇ ಪಾತ್ರೆ ಕಟ್ಟಿಟ್ಟಿದ್ದಾಳೆ. ನಾನು ಕಟ್ಟಿಲ್ಲ, ಕಟ್ಟುವುದೂ ಇಲ್ಲ.

ಮೇಲ್ಕೇರಿಯ ಪರವಾಗಿ ಮಾತಾಡುವವನು ಹಾಲಪ್ಪ, ನನ್ನ ಬೀಗನೇ. ಕಲ್ಲು ಕೋಡಿಯ ಹತ್ತಿರವಿತ್ತೆಂದು ಅವನ ಅಜ್ಜ ಹೇಳಿದ್ದನಂತೆ. ತೂಬಿನ ಹತ್ತಿರವಿತ್ತೆಂದು ನನ್ನ ಅಜ್ಜಿ ಹೇಳಿದ್ದಳು. ಕಟ್ಟೆಯ ಮುಂದೆ ನಿಂತು ನಾನು ಸಾಕಷ್ಟು ಕೂಗಾಡಿದೆ. ಅವನು ಕೂಗಲಿಲ್ಲ.

“ಬೀಗಿತ್ತಿ, ನಿನ್ ಅಜ್ಜಿ ಮಾತೂ ಬ್ಯಾಡ, ನಮ್ಮಜ್ಜನ್ ಮಾತೂ ಬ್ಯಾಡ. ಕಲ್ಲು ನಿಂತಿದ್ ಕುಣಿ ತೋರ್ಸು. ನಾನೇ ನಿಂತ್ಕಂಡು ತೂಬು ಎತ್ತುಸ್ತೀನಿ,” ಎಂದ.

ಅವನ ಮಾತು ಸರಿಯಿತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ಆದ್ದರಿಂದ ಕೇಳಿ. ಕಲ್ಲು ಎತ್ತಬೇಡಿ ಎನ್ನುತ್ತಿಲ್ಲ, ಎತ್ತಲೇಬೇಕು. ಎತ್ತಿದ ಮೇಲೆ ಆ ಕುಣಿಯನ್ನು ಹಾಗೇ ಬಿಟ್ಟು ಟೀ ಕುಡಿಯಲು ಓಡಬೇಡಿ. ಹೂಳಿನ ಕೆಳಗಿನ ಗಟ್ಟಿ ನೆಲ ಸಿಕ್ಕ ಮೇಲೂ ಒಂದಾಳುದ್ದ ಅಗೆದು, ತಳದಲ್ಲಿ ಎರಡು ಮೂಟೆ ಇದ್ದಿಲು ಸುರಿದು ಮಣ್ಣು ಮುಚ್ಚಿ. ಇಸ್ತ್ರಿಗೆ ಇದ್ದಿಲು ತುಂಬುವ ಟೈಲರಿಗೆ ಅದೇನು ದೊಡ್ಡದಲ್ಲ. ಕಾಗದ ಬೇಡ, ಗೆದ್ದಲು ತಿನ್ನುತ್ತದೆ. ಮೊಬೈಲಿನ ಫೋಟೋ ಬೇಡ, ನಿಮ್ಮ ಕಾಲದ ಒಂದು ಫೋಟೋವೂ ನಮ್ಮ ಕೈಗೆ ಬಂದಿಲ್ಲ. ಇದ್ದಿಲು ಕೊಳೆಯುವುದಿಲ್ಲ, ಅದಕ್ಕೇ ಹಿಂದಿನವರು ಗಡಿಕಲ್ಲಿನ ಬುಡಕ್ಕೆ ಅದನ್ನು ಹಾಕುತ್ತಿದ್ದರು. ನಿಮಗೆ ಮರೆತಿರಬೇಕು. ಮುಂದೆ ಎತ್ತುವ ಪ್ರತಿ ಕಲ್ಲಿಗೂ ಹೀಗೇ ಮಾಡಿ.

ಇನ್ನೊಂದು ಮಾತು. ನಾನು ಅಡಿಕೇರಿಯವಳೆಂದು, ಮುದುಕಿ ಅಳುತ್ತಾಳೆಂದು ಕನಿಕರಪಟ್ಟು ತೂಬಿನ ಬಳಿ ಇದ್ದಿಲು ಸುರಿಯಬೇಡಿ. ಕಲ್ಲು ಕೋಡಿಯ ಹತ್ತಿರವಿದ್ದರೆ ಕೋಡಿಯ ಹತ್ತಿರವೇ ಹಾಕಿ, ಪಾತ್ರೆ ಹೊತ್ತು ಮೊದಲು ನಾನೇ ಹೊರಡುತ್ತೇನೆ. ಸುಳ್ಳು ಗುರುತಿನ ನೀರಿನಲ್ಲಿ ಮೊಮ್ಮಕ್ಕಳಿಗೆ ಅನ್ನ ಬೇಯಿಸಲಾರೆ. ಆದರೂ ಹೇಳುತ್ತೇನೆ, ಕಲ್ಲಿದ್ದದ್ದು ತೂಬಿನ ಹತ್ತಿರವೇ. ನಮ್ಮಜ್ಜಿ ಸುಳ್ಳು ಹೇಳುವವಳಲ್ಲ.

ಫಲಕದ ಪ್ರಕಾರ ನೀವು ಕಲ್ಲೆತ್ತುವುದು ಏಪ್ರಿಲ್ 26, ಭಾನುವಾರ. ಅಂದು ಹೊತ್ತು ಮುಳುಗುವುದರೊಳಗೆ ಇದ್ದಿಲು ಕುಣಿಯಲ್ಲಿರಬೇಕು. ಕೂಡುತಿಂಗಳು ಹದಿನೈದಕ್ಕೆ ನಾವು ಎರಡೂ ಕಡೆ ಅಗೆಯುತ್ತೇವೆ, ಹಾಲಪ್ಪ ಒಂದು ಗುದ್ದಲಿ, ನಾನೊಂದು ಗುದ್ದಲಿ. ಅಂದು ನನಗೆ ಉತ್ತರ ಬೇಕು.

ಕಾಟಮ್ಮ