ಹೊಳೆ ದಂಡೆಗೆ ಈ ಭಾನುವಾರ ನಾವು

ಅಣ್ಣಾ,

ಎರಡನೇ ಮಗ್ಗದಲ್ಲಿ ಎಳೆ ಕಡಿಯುತ್ತಿದೆ, ಬಿಟ್ಟು ಎದ್ದು ಹೋಗಬೇಡ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ.

“ಕಾಡಿನ ಹೊಳೆ ದಂಡೆಯ ಸುತ್ತುದಾರಿ ಕಷ್ಟ, ನಿನ್ನ ಕೈಲಾಗಲ್ಲ” ಅಂತ ಹೋದ ವಾರ ನೀನು ನನ್ನನ್ನು ಮಗ್ಗದ ಮುಂದೆ ನಿಲ್ಲಿಸಿ, ಅತ್ತಿಗೆಯನ್ನು ಕರೆದುಕೊಂಡು ಹೋದೆ. ನಿನ್ನೆ ನಾನು ಅವರನ್ನೇ ಕೇಳಿದೆ.

“ಕಷ್ಟಾನಾ? ಯಾರೇ ಹೇಳಿದ್ದು? ಚಪ್ಪಲೀಲೇ ಸುತ್ಕೊಂಡ್ ಬಂದ್ಬಿಟ್ವಿ!” ಅಂದರು.

ಮದುವೆಗೆ ಮುಂಚೆ ನಾನಿಲ್ಲದೆ ನೀನು ಬೇಕರಿಗೂ ಹೋಗುತ್ತಿರಲಿಲ್ಲ. ಹೊಟ್ಟೆ ಉರಿಯಿತು, ನಿಜ. “ನಾವಿಬ್ರೇ ಹೋಗ್ತೀವಿ ಕಣೇ” ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನೀನು ಏಳುವ ಹೊತ್ತಿಗೆ ನಾನೂ ಅತ್ತಿಗೆಯೂ ಆ ದಾರಿಯಲ್ಲಿರುತ್ತೇವೆ. ಮಧ್ಯಾಹ್ನ ಬರುತ್ತೇವೆ. ನಿನ್ನನ್ನೂ ಎಬ್ಬಿಸೋಣವಾ ಅಂತ ಪಾಪ ಅವರು ಕೇಳಿದರು. ನಾನೇ ಬೇಡ ಅಂದೆ.

ಅನಿತ