ಗಾಳಿಗೆ ವಾಲಿದ ಅಕ್ಷರಗಳು

ಶೀನಣ್ಣಾ,

ಈ ಮಳೆಗಾಲದಲ್ಲಿ ಒಂದು ದಿನ ಗುಜರಿಯವ ತಕ್ಕಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿಯೇ ಬಿಟ್ಟ. ಕುಂಭಾಶಿಯ ನಮ್ಮ ಸ್ಟಿಕ್ಕರ್ ಅಂಗಡಿಯಲ್ಲಿ ನೀವು ಜೀವಮಾನವಿಡೀ ಎದುರು ಕೂತಿದ್ದ ಹಳೇ ಕಂಪ್ಯೂಟರನ್ನು ಹಲಸಿನಹಣ್ಣಿನ ಹಾಗೆ ತಟ್ಟಿ ನೋಡಿದ. "ಕಬ್ಬಿಣದ ರೇಟ್ ಕೊಡ್ತೆ" ಅಂದ. ಗಿರಿಜಕ್ಕ ಕಿಟಕಿ ಕಡೆ ತಿರುಗಿದರು. ನಿಮ್ಮ ಹೆಂಡತಿ ಮಾತಾಡದಿದ್ದರೆ ಎಷ್ಟು ಕಷ್ಟ ಅಂತ ನಿಮಗಿಂತ ಹೆಚ್ಚು ಯಾರಿಗೆ ಗೊತ್ತು? "ಹ್ವಾಯ್, ಅದ್ರ ಜೊತಿಗೆ ನನ್ನನ್ನೂ ತೂಗಿ, ನಾನೂ ಹಳೇ ಮಾಡೆಲ್ಲೇ" ಅಂದೆ. ಅಕ್ಕನಿಗೆ ನಗು ತಡೆಯಲಿಲ್ಲ. ಗುಜರಿಯವನಿಗೆ ಚಾ ಕುಡಿಸಿ ಕಳಿಸಿದೆ.

ಬೆಳಿಗ್ಗೆ ನೀವು ಫ್ಲಾಪಿ ತೂರಿಸಿದರೆ ಒಳಗಿಂದ ಬರುತ್ತಿದ್ದ ಸದ್ದು ನೆನಪಿದೆಯಾ? ಬಕೆಟಿನಲ್ಲಿ ಏಡಿ ಪರಚಿದ ಹಾಗೆ. "ಮಾತಾಡ್ಬೇಡ ಮಂಜಾ, ಅದ್ ಓದ್ತಾ ಇತ್ತ್" ಅನ್ನುತ್ತಿದ್ದಿರಿ. ಮೊದಲ ಫ್ಲಾಪಿಯಲ್ಲಿ ಸ್ಟಿಕ್ಕರ್ ಕತ್ತರಿಸುವ ಸಾಫ್ಟ್‌ವೇರ್, ಉಳಿದವುಗಳಲ್ಲಿ ನೀವೇ ಬರೆದ ಅಕ್ಷರಗಳು. ಬೋಟಿನ ಹೆಸರುಗಳಿಗೆ ಅಂತಲೇ ಬರೆದದ್ದು, ಬಾಲವೆಲ್ಲ ಹಿಂದಕ್ಕೆ ವಾಲಿದ್ದು. ನಿಂತ ಬೋಟೂ ಗಾಳಿಯಲ್ಲಿ ಓಡುತ್ತಿದೆ ಅನ್ನಿಸಬೇಕು. ಗಂಗೊಳ್ಳಿಯಲ್ಲಿ ಬೋಟು ಕಟ್ಟುವ ದಕ್ಕೆಯಲ್ಲಿ ಅವು ನೀರಿನೊಳಗೆ ತಲೆಕೆಳಗಾಗಿ ನಡುಗುತ್ತಿದ್ದದ್ದನ್ನು ನಾವಿಬ್ಬರೂ ನೋಡುತ್ತಾ ಎಷ್ಟು ಹೊತ್ತು ಕೂತಿರುತ್ತಿದ್ದೆವು...

ನೀವು ತೀರಿಹೋದ ವರ್ಷದ ಆಯುಧಪೂಜೆ. ಕತ್ತರಿ, ಬ್ಲೇಡು, ಫ್ಲಾಪಿ ಎಲ್ಲವನ್ನೂ ಅಕ್ಕ ಮಣೆಯ ಮೇಲಿಟ್ಟರು. ನೀವು ಚೀಟಿ ಅಂಟಿಸಿದ ಜಾಗಕ್ಕೆ ಮಾತ್ರ ಕುಂಕುಮ ಮುಟ್ಟಿಸುತ್ತಿದ್ದಿರಿ. ಅವರು ಭಕ್ತಿಯಿಂದ ಫ್ಲಾಪಿಯ ತುದಿಯ ಹೊಳೆಯುವ ತಗಡಿಗೇ ಹಚ್ಚಿದರು. ಹಸಿ ಕುಂಕುಮ ತಿಂದ ಡ್ರೈವ್ ಬಾಯಿ ಮುಚ್ಚಿತು. ಪರದೆಯ ಮೇಲೆ 'ಫೇಲ್' ಅಂತ ಬಂತು. ನಾಲ್ಕನೇ ಕ್ಲಾಸಿನಲ್ಲಿ ನಾನು ಕಲಿತ ಇಂಗ್ಲಿಷು ಅದೊಂದೇ, ತಕ್ಷಣ ಓದಿದೆ! ಕುಂಕುಮದ ಸಂಗತಿ ಅಕ್ಕನಿಗೆ ಇವತ್ತಿಗೂ ಹೇಳಿಲ್ಲ. ನೀವಾದರೂ ಹೇಳುತ್ತಿದ್ದಿರಾ?

ಆಮೇಲೆ ಅಲೆದದ್ದೇ ಅಲೆದದ್ದು. ಹೊಸ ಮೆಷಿನಿನ ರೇಟು ಕೇಳಿ ಅಕ್ಕ ನೀರು ಕುಡಿದರು. ಕೊಂಡರೂ ಅದರಲ್ಲಿ ನಿಮ್ಮ ಅಕ್ಷರ ತೆರೆಯುವುದಿಲ್ಲವಂತೆ. ಮುಂಬೈಯಿಂದ ನನ್ನ ಬಾವ ತಂದ ಹಳೇ ಡ್ರೈವ್ ಎರಡೇ ದಿನ ಪರಚಿ ಸತ್ತಿತು. ಮಳೆಗಾಲದ ಬೋಟ್ ರಜೆ ಮುಗಿಯುತ್ತಾ ಬಂದಿತ್ತು. ಬಣ್ಣ ಬಳಿದ ಬೋಟುಗಳು ಹೆಸರಿಗೆ ಕಾಯುತ್ತಿದ್ದವು. ಈ ಸೀಸನ್ನಿಗೆ ಅಕ್ಷರ ಸಿಗದಿದ್ದರೆ ಅಂಗಡಿ ಮುಚ್ಚುವುದು, ಕಂಪ್ಯೂಟರ್ ಗುಜರಿಗೆ ಹಾಕುವುದು ಅಂತ ಅಕ್ಕ ತೀರ್ಮಾನಿಸಿದ್ದರು. ಅದು ಹೋದರೆ ನೀವು ಎರಡನೇ ಸಲ...

ಗುಜರಿಯವ ಬಂದುಹೋದ ಮರುದಿನವೇ ಬೂಸ್ಟು ಹಿಡಿದ ಫ್ಲಾಪಿಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬ್ರಹ್ಮಾವರದ ಬಸ್ಸು ಹತ್ತಿದೆ. ಅಲ್ಲಿಯ ರಿಪೇರಿಯವನು ಒಂದೊಂದನ್ನೇ ಹತ್ತಿಯಲ್ಲಿ ಒರೆಸಿ, ತನ್ನ ಡ್ರೈವಿನಲ್ಲಿ ಓದಿಸಿ, ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿದ. ಫ್ಲಾಪಿ ತೂರಿಸುವ ಜಾಗಕ್ಕೆ ಸರಿಯಾಗಿ ಕೂರುವ ಸಣ್ಣ ಪೆಟ್ಟಿಗೆಯೊಂದನ್ನು ತರಿಸಿಕೊಟ್ಟ. ಹೊಸ ಅಂಗಿ-ಲುಂಗಿಯಷ್ಟೇ ಬೆಲೆ. ಅದಕ್ಕೆ ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದರೆ ಒಂದನೇ ಫ್ಲಾಪಿ, ಮತ್ತೆ ಒತ್ತಿದರೆ ಎರಡನೆಯದು. ಕಂಪ್ಯೂಟರಿಗೆ ಪಾಪ ಈಗಲೂ ಫ್ಲಾಪಿಯೇ ಇದೆ ಅಂತ ನಂಬಿಕೆ. ನಾನೂ ಹೇಳಲು ಹೋಗಲಿಲ್ಲ. ಪರಚುವ ಸದ್ದು ಮಾತ್ರ ಇಲ್ಲ ಶೀನಣ್ಣ. ಮೌನದಲ್ಲೇ ನಿಮ್ಮ ಅಕ್ಷರಗಳು ಒಂದೊಂದಾಗಿ ಪರದೆಯ ಮೇಲೆ ತೇಲಿ ಬಂದವು. ಅಕ್ಕ ಸೆರಗಿನಿಂದ ಗಾಜು ಒರೆಸಿದರು. ಗಾಜಿನಲ್ಲಿ ಧೂಳೇ ಇರಲಿಲ್ಲ.

ಮೊದಲು ಬಂದದ್ದು ಗಂಗೊಳ್ಳಿಯ ಬಾಬಣ್ಣ. ಹೊಸ ಬೋಟು, ಮೊಮ್ಮಗಳ ಹೆಸರು: ಋತುಶ್ರೀ. "ಶೀನನ ಅಕ್ಷರವೇ ಆಯ್ಕ್ ಕಾಣಿ. ಮಂಜ್ ಮುಸುಕಿರೂ ನಮ್ಮ ಬೋಟ್ ಅಂದೇಳಿ ಗುತ್ತಾತ್ತ್" ಅಂದರು. ಹುಡುಕಿದರೆ 'ಋ' ಇಲ್ಲವೇ ಇಲ್ಲ! ಬೋಟಿಗೆ ಬೇಕಾದಾಗ ಮಾತ್ರ ಒಂದೊಂದು ಅಕ್ಷರ ಬರೆಯುತ್ತಿದ್ದವರು ನೀವು, ಋ ಕೇಳಿದವರು ಯಾರೂ ಇರಲಿಲ್ಲ. ನಾನು ಮೌಸ್ ಹಿಡಿದೆ, ಬಂಗುಡೆ ಮೀನಿನ ಮುಳ್ಳಿನ ಹಾಗೆ ಏನೋ ಬಂತು.

"ಏಳ್ ಮಾರಾಯಾ" ಅಂದರು ಗಿರಿಜಕ್ಕ. ನೀವು ಕತ್ತರಿಸಿದ ಅಕ್ಷರಗಳ ಸುತ್ತಲಿನ ಹಾಳೆಯನ್ನು ಸೂಜಿಯಲ್ಲಿ ಬಿಡಿಸಿ ತೆಗೆದವರಲ್ಲವಾ? ನಿಮ್ಮ ತಿರುವುಗಳೆಲ್ಲ ಅವರ ಬೆರಳಿಗೆ ಗೊತ್ತು. ಮಧ್ಯಾಹ್ನದೊಳಗೆ ಋ ಬಂತು. ಬಾಬಣ್ಣ ಕಣ್ಣು ಕಿರಿದು ಮಾಡಿದರು.

"ಎಲ್ಲದ್ರ ಬಾಲ ಹಿಂದೆ, ಇದೊಂದ್ ಮುಂದೆ ಹಾರ್‍ತಾ ಇತ್ತಲೇ?"

"ತಿದ್ದುದಾ ಅಕ್ಕ?" ಅಂದೆ.

"ಬ್ಯಾಡ, ಇರ್ಲಿ" ಅಂದರು. "ಅವ್ರ್ ಕಂಡ್ರೆ ನಾನ್ ಬರ್ದದ್ ಅಂದೇಳಿ ಗುತ್ತಾಯ್ಕ್."

ಇವತ್ತು ಬೆಳಿಗ್ಗೆ ಬೋಟು ನೀರಿಗಿಳಿಯಿತು. ಮುಂದೆ ಅಕ್ಕನ ಋ, ಹಿಂದೆ ನಿಮ್ಮವು. ಹೊಳೆ ಕಡಲು ಸೇರುವ ಅಳಿವೆ ದಾಟಿ, ಬೆಳ್ಳಗಿನ ಬೆಳಕಿನಲ್ಲಿ ಕರಗುವ ತನಕ ಅಕ್ಕ ನಿಂತೇ ಇದ್ದರು. ಋ ಬರೆದ ಮೇಲೆ ಅಂಗಡಿ ಮುಚ್ಚುವ ಮಾತೇ ಬಂದಿಲ್ಲ. ಅವರ ಋವನ್ನೂ ನಿಮ್ಮ ಅಕ್ಷರಗಳ ಜೊತೆಗೇ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ, ಒಂದೇ ಕಡೆ, ನಿಮ್ಮ...

"ಮಂಜಾ! ಉಂಬುಕ್ ಬತ್ಯಾ ಇಲ್ಯಾ? ಗಂಜಿ ತಣ್ದ್ ಹೋಯ್ತ್!"

ಬಂದೆ ಅಕ್ಕಾ.